ಮರಳು ಗುಡಿಯೊಳಗಿನ ಕಮಲ

ಸಮುದ್ರ ಕಾಣುವ ಮೊದಲೇ ಅದರ ಸದ್ದು ಬಂತು.

ಗಾಳಿಮರಗಳ ಸಾಲು ಇನ್ನೂ ಮುಗಿದಿರಲಿಲ್ಲ. ನಡೆಯುತ್ತಿದ್ದ ಮಂಜವ್ವ ನಿಂತುಬಿಟ್ಟಳು. ಮುಂದೆಲ್ಲೋ ಭಾರಿ ದೇಹದವರೊಬ್ಬರು ಉಸಿರೆಳೆದು, ಎದೆಯಲ್ಲೇ ಹಿಡಿದು, ಮನಸ್ಸಿಲ್ಲದೆ ಬಿಟ್ಟಂತೆ ಕೇಳುತ್ತಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಶಿಗ್ಗಾಂವಿಯ ಕೆರೆ, ಬೇಸಿಗೆಯಲ್ಲಿ ಬತ್ತುವ ವರದಾ ಹೊಳೆ ಬಿಟ್ಟರೆ ಬೇರೆ ನೀರನ್ನು ಅವಳು ಕಂಡವಳಲ್ಲ. ಆ ನೀರುಗಳು ಹೀಗೆ ಉಸಿರಾಡುತ್ತಿರಲಿಲ್ಲ.

"ಯಾಕ ನಿಂತಿ? ನೀ ಹೋಗಲಿಲ್ಲಂದ್ರ ಸಮುದ್ರನ ಎದ್ದು ಬಂದು ನಿನ್ನ ನೋಡಬೇಕೇನು?" ಹುಸೇನಬಿ ಅವಳ ಮೊಣಕೈ ಹಿಡಿದು ಎಳೆದಳು.

"ಹಂಗಲ್ಲ ಆಪಾ. ಯಾಕೋ ಎದಿ ಹೊಡಕೊಳ್ಳಾಕತ್ತೈತಿ."

"ಹೊಡಕೊಳ್ಳಲಿ ಬಿಡು. ಅಲ್ಲಿ ಮಾಸ್ತರ ಎದೀನೂ ನಾಕ ದಿನದಿಂದ ಹಿಂಗ ಹೊಡಕೊಳ್ಳಾಕತ್ತಿರಬೇಕು. ಎರಡೂ ಕೂಡಿಸಿ ಒಂದು ಬ್ಯಾಂಡ್ ಸೆಟ್ ಮಾಡೂಣು."

ಹುಸೇನಬಿ ಶಿಗ್ಗಾಂವಿಯ ಮಹಿಳಾ ಮಂಡಳದಲ್ಲಿ ಹೊಲಿಗೆ ಕಲಿಸುವ ಹಿರಿಯಳು. ಮಂಜವ್ವ ಅವಳ ಕೈಕೆಳಗೆ ಕಸೂತಿ ಕಲಿಸುತ್ತಿದ್ದಳು. ಹಿಂದಿನ ದಿನ ಹಾನಗಲ್, ಶಿರಸಿ ದಾಟಿ ಕತ್ತಲಾದ ಮೇಲೆ ಬಂದು, ಕಾರವಾರದಲ್ಲಿ ಹುಸೇನಬಿಯ ತಂಗಿ ಕುಲಸುಮಬಿಯ ಮನೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ಕಡಲ ದಂಡೆಗೆ ಹೊರಟಿದ್ದರು. ಜೊತೆಗೆ ಮಂಜವ್ವನ ತಾಯಿ ಉಡಚವ್ವ. ಅದು ಎಂಬತ್ಮೂರರ ಫೆಬ್ರವರಿ. ದಂಡೆಯ ಮೇಲೆ ಪ್ರತಿ ವರ್ಷ ಈ ಹೊತ್ತಿಗೆ ಐದು ದಿನ ಮರಳು ಶಿಲ್ಪಗಳ ಪ್ರದರ್ಶನ ನಡೆಯುತ್ತಿತ್ತು. ಅಂದು ಅದರ ಕಡೆಯ ದಿನ.

ಚಹ ಕುಡಿಯುವಾಗ ಉಡಚವ್ವ ಗೋಡೆಯ ಕ್ಯಾಲೆಂಡರು ನೋಡಿ, "ಇವತ್ತ ಅಮಾಸಿ ಐತಿ" ಎಂದಷ್ಟೇ ಅಂದಿದ್ದಳು. ಬೇರೆ ತಾಯಿಯಾಗಿದ್ದರೆ "ಬ್ಯಾಡ, ನಾಳೆ ಹೋಗೂಣು" ಅನ್ನುತ್ತಿದ್ದಳು. ಉಡಚವ್ವ ಹದಿನಾಲ್ಕು ವರ್ಷಗಳಿಂದ ಯಾರಿಗೂ ಬ್ಯಾಡ ಅಂದಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಅವರು ಚಿಕ್ಕೇರೂರಿನಲ್ಲಿದ್ದರು. ಜೋಳ ತುಂಬಿ ಮುಚ್ಚಿಟ್ಟ ಹಗೇವನ್ನು, ಎಂದರೆ ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಕಣಜವನ್ನು, ಅಂದು ತೆರೆದಿದ್ದರು. ಮುಚ್ಚಿಟ್ಟ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಮೊದಲು ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ನೆಟ್ಟಗೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಮಂಜವ್ವನ ಅಪ್ಪ ಕಂದೀಲು ಇಳಿಬಿಟ್ಟ. ದೀಪ ಸಣ್ಣಗಾಯಿತು, ಆರಲಿಲ್ಲ. "ಬ್ಯಾಡ್ರಿ, ಮಧ್ಯಾಹ್ನದ ತನಕ ತಡೀರಿ" ಎಂದಳು ಉಡಚವ್ವ. "ನಿಮಗ ಹೆಣ್ಮಕ್ಕಳಿಗೆ ದೀಪ ಸಣ್ಣಾದ್ರೂ ಹೆದರಿಕಿ, ದೊಡ್ಡದಾದ್ರೂ ಹೆದರಿಕಿ" ಎಂದು ಅಪ್ಪ ನಕ್ಕು ಇಳಿದ. ಅವನನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದಾಗ ಉಸಿರಿರಲಿಲ್ಲ. ಆಮೇಲೆ ಉಡಚವ್ವನ ಬಾಯಿಂದ ಆ ಮಾತು ಮತ್ತೆ ಬರಲಿಲ್ಲ. ಊರಿನವರು ಅವಳನ್ನು ಸಮಾಧಾನದ ಹೆಣ್ಣುಮಗಳು ಅನ್ನುತ್ತಿದ್ದರು.

ಹನ್ನೆರಡು ವರ್ಷದ ಮಂಜವ್ವ ಅಂದು ಹಗೇವಿನ ಬಾಯಿಯ ಹತ್ತಿರವೇ ನಿಂತಿದ್ದಳು. ಬೆಳೆದ ಮೇಲೆ ತನ್ನೊಳಗೇ ಒಂದು ಮಾತು ಗಟ್ಟಿ ಮಾಡಿಕೊಂಡಳು: ನಿಲ್ಲು ಎಂದರೆ ನಿಲ್ಲದ ಗಂಡಸಿನ ಮನೆಗೆ ತಾನು ಹೋಗುವುದಿಲ್ಲ. ಅವನು ಎಷ್ಟು ಒಳ್ಳೆಯವನಾದರೂ ಸರಿ. ಅಪ್ಪನೂ ಒಳ್ಳೆಯವನೇ ಆಗಿದ್ದ.

ಈಗ ಹೂವಪ್ಪ ಮಾಸ್ತರ, ನಾಲ್ಕು ದಿನದಿಂದ ಇದೇ ದಂಡೆಯ ಮೇಲೆ ಮರಳು ಶಿಲ್ಪ ಕಟ್ಟುತ್ತ, ಅವಳ ಉತ್ತರಕ್ಕೆ ಕಾಯುತ್ತಿದ್ದ.

ಹೂವಪ್ಪ ಸವಣೂರಿನವನು. ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ಹತ್ತು ತಿಂಗಳಿಂದ ಮಂಡಳಕ್ಕೆ ಬಂದು ಕಸೂತಿಯ ನಕ್ಷೆ ಬರೆದುಕೊಡುತ್ತಿದ್ದ. ಬಂದಾಗಲೆಲ್ಲ ಹುಡುಗಿಯರ ಮೊಂಡು ಪೆನ್ಸಿಲುಗಳನ್ನು ಯಾರೂ ಕೇಳದೆಯೇ ಕೆತ್ತಿ ಸಾಲಾಗಿ ಇಟ್ಟುಹೋಗುತ್ತಿದ್ದ. ಮಂಜವ್ವನಿಗೆ ಅವನ ಗಿಣಿ, ನವಿಲುಗಳಿಗಿಂತ ಆ ಪೆನ್ಸಿಲುಗಳ ಸಾಲೇ ಹೆಚ್ಚು ಇಷ್ಟವಾಗಿತ್ತು. ಎಲ್ಲರೂ ಅವಳನ್ನು "ಅಕ್ಕೋರ" ಎಂದು ಕರೆಯುತ್ತಿದ್ದರು. ಅವನೊಬ್ಬ ಮಾತ್ರ "ಟೀಚರ್" ಅನ್ನುತ್ತಿದ್ದ. ಯಾಕೆ ಎಂದು ಹುಸೇನಬಿ ಕೇಳಿದಾಗ ಕಿವಿ ಕೆಂಪಾಗಿಸಿಕೊಂಡು, "ಅಕ್ಕ ಅನ್ನಾಕ ನನಗ ಆಗೂದಿಲ್ರಿ" ಎಂದಿದ್ದ.

ಹದಿನೈದು ದಿನದ ಹಿಂದೆ, ಪೆನ್ಸಿಲು ಕೆತ್ತುತ್ತಲೇ ಮದುವೆಯ ಮಾತು ತೆಗೆದ. ಪೆನ್ಸಿಲು ಬೆರಳುದ್ದವಾಗಿ, ಉಗುರುದ್ದವಾಗುವವರೆಗೂ ಅವನು ಕೆತ್ತುತ್ತಲೇ ಇದ್ದ. ಕಡೆಗೆ ಅವಳೇ ಕರುಣೆಯಿಂದ, "ಕಾರವಾರಕ್ಕ ಬಂದು ಹೇಳ್ತೇನಿ" ಎಂದಳು.

ಹೌದೆನ್ನಲು ಮನಸ್ಸು ತುದಿಗಾಲ ಮೇಲೆ ನಿಂತಿತ್ತು. ತಿಳಿಯಬೇಕಾದದ್ದು ಒಂದೇ, ಅದನ್ನು ಬಾಯಿಬಿಟ್ಟು ಕೇಳಿ ತಿಳಿಯುವಂತಿರಲಿಲ್ಲ. ಕೇಳಿದರೆ ಯಾವ ಗಂಡಸು ನಿಲ್ಲುವುದಿಲ್ಲ ಅಂತಾನೆ?

*

ದಂಡೆಯ ಮೇಲೆ ಕೆಂಪು ಬಾವುಟಗಳ ಸಾಲು. ಅದರ ಈಚೆಗೆ ಮರಳಿನ ಮೊಸಳೆ, ಮರಳಿನ ಹಡಗು, ಹಾಸಿಗೆಯಷ್ಟು ಅಗಲದ ಮೀನು. ಕಡೆಯ ದಿನವಾದ್ದರಿಂದ ಕೆಲವು ಆಗಲೇ ಸೋತಿದ್ದವು. ಮೊಸಳೆಗೆ ದವಡೆ ಇರಲಿಲ್ಲ. ಮಲಗಿದ್ದ ಒಬ್ಬ ಮರಳು ಹೆಂಗಸಿನ ಮುಖವನ್ನು ಗಾಳಿ ಒರೆಸಿಬಿಟ್ಟಿತ್ತು. ಕೂದಲು ಮಾತ್ರ ಎಳೆ ಎಳೆಯಾಗಿ ಹಾಗೇ ಇತ್ತು. ಮಂಜವ್ವ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮೀನು ಮಾರುವ ಹೆಂಗಸೊಬ್ಬಳು ಉಡಚವ್ವನ ಮುಖ ನೋಡಿ, ಕೇಳದೆಯೇ ತನ್ನ ಖಾಲಿ ಬುಟ್ಟಿಯನ್ನು ದೋಣಿಯ ನೆರಳಿನಲ್ಲಿ ಬೋರಲು ಹಾಕಿ, "ಕುಳಿತುಕೊಳ್ಳಿ ಅಮ್ಮ" ಎಂದಳು. ತಾನು ಬಿಸಿಲಲ್ಲಿ ನಿಂತಳು. ಹುಸೇನಬಿ ಅವಳೊಡನೆ ಮಾತಿಗೆ ತೊಡಗಿದಳು.

"ಟೀಚರ್."

ಮಂಜವ್ವ ತಿರುಗಿದಳು. ಹೂವಪ್ಪ ಮೊಣಕಾಲವರೆಗೆ ಪ್ಯಾಂಟು ಮಡಚಿ ನಿಂತಿದ್ದ. ಹುಬ್ಬಿನಲ್ಲಿ ಮರಳು, ರೆಪ್ಪೆಯಲ್ಲಿ ಮರಳು. ಕಣ್ಣು ಮಿಟುಕಿಸಿದರೆ ಉದುರೀತು ಎಂಬಂತೆ ಅವಳನ್ನು ಎವೆಯಿಕ್ಕದೆ ನೋಡುತ್ತಿದ್ದ.

"ಏನ್ರೀ ಮಾಸ್ತರ, ನೀವೂ ಒಂದು ಶಿಲ್ಪ ಆಗೀರಲ್ಲ."

"ಹೌದ್ರಿ. ಬಹುಮಾನ ಕೊಡ್ತೀರೇನು?"

"ಇನ್ನೂ ಪೂರ್ತಿ ನೋಡಿಲ್ಲ."

"ನೋಡ್ರಿ. ಯಾರ ಬ್ಯಾಡ ಅಂದಾರ?" ಎಂದು ನಕ್ಕ. ಅವಳು ಕಣ್ಣು ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಅವನ ಪಾದಗಳು ಕಂಡವು. ನಾಲ್ಕು ದಿನದ ಉಪ್ಪುನೀರಿಗೆ ಹಿಮ್ಮಡಿಗಳು ಒಡೆದಿದ್ದವು. ಮನೆಗೆ ಹೋದ ಮೇಲೆ ಇವುಗಳಿಗೆ ಬೆಚ್ಚಗಿನ ಎಣ್ಣೆ ಹಚ್ಚುವವರು ಯಾರು ಎಂಬ ಯೋಚನೆ ಬಂದು, ಇಷ್ಟು ಬೇಗ ಹೀಗೆಲ್ಲ ಯೋಚಿಸುವುದೇ ಎಂದು ತನ್ನ ಮೇಲೆ ತಾನೇ ಸಿಡುಕಿದಳು.

ಅವನು ಕಟ್ಟಿದ್ದು ಹಾನಗಲ್ಲಿನ ತಾರಕೇಶ್ವರ ಗುಡಿ. ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು. ಕಂಬಗಳ ಮೆರುಗು, ಮೆಟ್ಟಿಲು, ಗೋಪುರದ ಒಂದೊಂದು ಅಂತಸ್ತು. ಬೇರೆಯವರ ಶಿಲ್ಪಗಳ ಮುಂದೆ ಜನ ನೋಡಿ ಮುಂದೆ ಹೋಗುತ್ತಿದ್ದರು, ಇದರ ಮುಂದೆ ನಿಲ್ಲುತ್ತಿದ್ದರು.

"ಇದು ಹೊರಗಿಂದು," ಎಂದ ಅವನು ದನಿ ತಗ್ಗಿಸಿ. "ನಿಮಗ ತೋರಸಬೇಕಾದ್ದು ಒಳಗೈತಿ. ನಾಕ ದಿನದಿಂದ ಹಲಗಿ ಮುಚ್ಚಿಟ್ಟೇನಿ, ಯಾರಿಗೂ ತೋರಿಸಿಲ್ಲ."

ಗುಡಿಯ ಬಾಗಿಲಿಗೆ ಆನಿಸಿದ್ದ ಹಲಗೆಯನ್ನು ಸರಿಸಿದ.

ಒಳಗೆ ಕತ್ತಲು. ಬಾಗಿಲು ಕಿರಿದು, ಒಬ್ಬರು ತೆವಳಿ ಹೋಗುವಷ್ಟು. ಒಳಗೆ ಮಾತ್ರ ಡೊಳ್ಳಿನ ಹಾಗೆ ಅಗಲ. ಮಂಜವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಸಮುದ್ರದ ಸದ್ದು ಆ ಬಾಗಿಲಿನಿಂದ ಮತ್ತೊಮ್ಮೆ, ದಪ್ಪವಾಗಿ, ಕೇಳಿಬಂತು.

"ಹಾನಗಲ್ ಗುಡಿಯಾಗ ಛತ್ತಿಗೆ ಕಮಲ ಐತೆಲ್ರಿ? ಒಳಗ ಹೋಗಿ ಅಂಗಾತ ಮಲಗಿ ನೋಡಿದ್ರ ಹಂಗ ಕಾಣತೈತಿ. ಒಂದೊಂದು ಎಸಳೂ ಕೆತ್ತೇನಿ. ಮೇಣಬತ್ತಿ ಹಚ್ಚಿದ್ರ ಅರಳಿಧಂಗ ಆಗತೈತಿ. ಹನ್ನೊಂದಕ್ಕ ಬಹುಮಾನಕ್ಕ ಪರೀಕ್ಷೆ ಮಾಡಾವ್ರು ಬರ್ತಾರ. ಅವರಕಿಂತ ಮೊದಲ ನೀವು ನೋಡಬೇಕು."

"ಮ್ಯಾಲಿನ ಮರಳು ಬಿದ್ದರ?"

"ಹ್ಯಾಂಗ ಬೀಳತೈತ್ರಿ? ನಮ್ಮಜ್ಜ, ನಮ್ಮಪ್ಪ ಸವಣೂರ ಸೀಮಿಗೆಲ್ಲ ಹಗೇವು ತೋಡಿದಾವ್ರು. ಒಳಗ ಡೊಳ್ಳು, ಬಾಯಿ ಸಣ್ಣದು, ಅದ ನೇಮ. ಅಜ್ಜ ತೋಡಿದ್ದು ಅರವತ್ತು ವರ್ಷ ಆತು, ಒಂದು ಹಿಡಿ ಮಣ್ಣ ಉದರಿಲ್ಲ. ಇದನ್ನೂ ಹಂಗ ನೀರು ಹಾಕಿ, ಬಡದು ದಮ್ಮಸ್ ಮಾಡೇನಿ."

ಹಗೇವು. ಆ ಮಾತನ್ನು ಅವನು ಎಷ್ಟು ಹೆಮ್ಮೆಯಿಂದ ಅಂದ! ಅವಳ ಅಪ್ಪ ಹಗೇವಿನಲ್ಲಿ ತೀರಿಕೊಂಡದ್ದು ಅವನಿಗೆ ಗೊತ್ತಿತ್ತು. ಬಾಯಿಯ ಮೇಲೆ ನಿಂತ ಅವ್ವ ಏನಂದಿದ್ದಳು ಎಂಬುದು ಗೊತ್ತಿರಲಿಲ್ಲ. ಮಾತು ಜಾರಿದ್ದು ಆಗ ಹೊಳೆದು ಅವನ ಮುಖ ಇಳಿಯಿತು. "ತಪ್ಪಾತು ಟೀಚರ್. ನೀವು ಒಳಗ ಹೋಗೂದು ಬ್ಯಾಡ. ಹೊರಗ ಕುಂತು ಬಗ್ಗಿ ನೋಡ್ರಿ, ನಾ ಬತ್ತಿ ಹಚ್ಚಿ ಬರ್ತೇನಿ" ಎಂದವನೇ ಬಾಗಿಲಲ್ಲಿ ತೆವಳಿ ಒಳಗೆ ಹೋಗಿಬಿಟ್ಟ.

ಕಡ್ಡಿ ಗೀರಿದ ಸದ್ದು. ಬೆಳಕು ಮೂಡಿತು. ಮಂಜವ್ವ ಮಂಡಿಯೂರಿ ಬಗ್ಗಿದಳು.

ಕಮಲ ಕಂಡಿತು. ಅಷ್ಟು ಚೆಂದದ್ದನ್ನು ಯಾರೂ ಅವಳಿಗಾಗಿ ಮಾಡಿರಲಿಲ್ಲ. ಎಸಳಿನೊಳಗೆ ಎಸಳು, ಒಂದೊಂದರ ಅಂಚೂ ಕಸೂತಿಯ ಎಳೆಯಷ್ಟು ಸಣ್ಣದು. ಅದರ ಕೆಳಗೆ ಅಂಗಾತ ಮಲಗಿದ್ದ ಹೂವಪ್ಪ ಕಮಲವನ್ನಲ್ಲ, ಅವಳ ಮುಖವನ್ನು ನೋಡುತ್ತಿದ್ದ.

ಅವಳದು ಹೊಲಿಗೆಯವಳ ಕಣ್ಣು. ಕಮಲದಿಂದ ಜಾರಿ ಗೋಡೆಗೆ ಬಂತು. ಗೋಡೆ ಛತ್ತಿಗೆ ಕೂಡುವಲ್ಲಿ ಒಂದು ಗೆರೆ ಕಂಡಿತು, ಕಚ್ಚಾ ಹೊಲಿಗೆ ಸಡಿಲಾದಾಗ ಬಟ್ಟೆಯ ನಡುವೆ ಕಾಣುವಂಥದ್ದು. ಅಲ್ಲಿಂದ ಮರಳು ಇಳಿಯುತ್ತಿತ್ತೋ, ಬತ್ತಿಯ ನೆರಳು ಆಡುತ್ತಿತ್ತೋ ಹೇಳಲಾಗದು. ಅವಳು ಮಂಡಿ ಎತ್ತಿ ನೋಡಿದಳು. ಮಂಡಿ ಊರಿದ್ದ ತಗ್ಗಿನಲ್ಲಿ ನೀರು ಜಿನುಗಿ ನಿಂತಿತ್ತು. ಸಮುದ್ರ ಇನ್ನೂ ಬಾವುಟಗಳಾಚೆ ಇತ್ತು. ನೀರು ಬಂದದ್ದು ಕೆಳಗಿನಿಂದ.

"ಹೊರಗ ಬರ್ರಿ."

"ಚೆಂದ ಇಲ್ಲೇನ್ರಿ?"

"ಭಾಳ ಚೆಂದ ಐತಿ. ಹೊರಗ ಬರ್ರಿ."

"ಒಂದು ನಿಮಿಷ ತಡೀರಿ, ಈ ಬತ್ತಿ ಸ್ವಲ್ಪ..."

"ಮಾಸ್ತರ, ಬ್ಯಾಡ. ಬರ್ರಿ."

ಒಳಗೆ ಅವನು ನಕ್ಕದ್ದು ಕೇಳಿಸಿತು. ಸಣ್ಣ ನಗು, ಪ್ರೀತಿಯದೇ. ಮಂಜವ್ವನಿಗೆ ಹದಿನಾಲ್ಕು ವರ್ಷ ಒಂದೇ ಗಳಿಗೆಯಾಯಿತು. ಅವಳು ಎಣಿಸತೊಡಗಿದಳು, ಏನನ್ನು ಎಂದು ಅವಳಿಗೂ ತಿಳಿಯದು. ಆಮೇಲೆ ಒಳಗಿನ ನಗು ನಿಂತಿತು. ಬತ್ತಿ ಆರಿತು. ಬಾಗಿಲಲ್ಲಿ ಮೊದಲು ಕೈ, ಆಮೇಲೆ ತಲೆ. ಅವನು ಹೊರಗೆ ಬಂದು ಮರಳು ಕೊಡವಿಕೊಂಡ.

"ಏನು ಕಂಡ್ರಿ?" ಮುಖ ಬಿಗಿದಿತ್ತು.

"ಗೊತ್ತಿಲ್ಲ. ಒಂದು ಗೆರಿ. ಕೆಳಗ ನೀರು."

ಅವನು ಬಗ್ಗಿ ತಗ್ಗಿನ ನೀರು ನೋಡಿದ, ಬೆರಳು ಅದ್ದಿದ. ಪ್ರದರ್ಶನದ ಬಿಲ್ಲೆ ಹಾಕಿಕೊಂಡವನೊಬ್ಬ ಹತ್ತಿರವೇ ಇದ್ದ. ಅವನನ್ನು ಕೇಳಿದರೆ, "ಬಾವುಟ ದಾಟಿ ನೀರು ಬರೂದಿಲ್ಲ ಸರ್, ಎಷ್ಟು ಅಮಾವಾಸ್ಯೆ ನೋಡಿಲ್ಲ ನಾವು?" ಎಂದ. ಮೀನಿನ ಹೆಂಗಸು ಮಾತ್ರ, "ಮೇಲೆ ಬರೂದಿಲ್ಲ" ಎಂದು ಹೇಳಿ ಸಮುದ್ರದ ಕಡೆ ನೋಡಿದಳು.

ಅಷ್ಟರಲ್ಲಿ ಕನ್ನಡ ಶಾಲೆಯ ಮಕ್ಕಳ ಸಾಲೊಂದು ಬಂತು. ಒಳಗೆ ಹೋಗಬಹುದಾದ ಗುಡಿ ಎಂದು ಯಾರೋ ಹೇಳಿದ್ದಿರಬೇಕು. "ನಾನು ಮೊದಲು, ನಾನು ಮೊದಲು" ಎಂದು ಬಾಗಿಲಿಗೆ ಮುತ್ತಿಕೊಂಡರು. ಉಡಚವ್ವ ಬುಟ್ಟಿಯಿಂದ ಯಾವಾಗ ಎದ್ದಳೋ, ಮಕ್ಕಳಿಗೂ ಬಾಗಿಲಿಗೂ ನಡುವೆ ನಿಂತಿದ್ದಳು. ಬಾಯಿಂದ ಮಾತಿಲ್ಲ. ಎರಡೂ ತೋಳು ಅಗಲಿಸಿ, ಕೋಳಿ ಮರಿಗಳನ್ನು ತಡೆದಂತೆ ತಡೆದಿದ್ದಳು.

ಹೂವಪ್ಪ ಅವಳನ್ನು ನೋಡಿದ. "ಅವ್ವಾರಿಗೆ ಏನಾತು?"

ಮಂಜವ್ವ ಹೇಳಿದಳು. ಕಂದೀಲು, ಸಣ್ಣಗಾದ ದೀಪ, ಬ್ಯಾಡ ಎಂದ ಅವ್ವ, ನಕ್ಕ ಅಪ್ಪ. ನಾಲ್ಕೇ ಮಾತಿನಲ್ಲಿ ಮುಗಿಯಿತು. ಹೇಳಲು ಹದಿನಾಲ್ಕು ವರ್ಷ ಬೇಕಾಗಿತ್ತು.

ಅವನು ಗುಡಿಯ ಬಾಗಿಲಿನತ್ತ ನೋಡಿದ. ಆಮೇಲೆ, "ಒಳಗ ನಾನೂ ನಕ್ಕೆ" ಎಂದ.

"ಹೌದು."

"ಹಗೇವು ತೋಡಾಗ ನಮ್ಮಪ್ಪನ ಕಟ್ಟಳಿ ಒಂದಿತ್ರಿ. ಬಾಯಿ ಮ್ಯಾಲೆ ನಿಂತಾಂವ ಏರು ಅಂದ್ರ ಒಳಗಿನಾಂವ ಏರಬೇಕು. ಯಾಕ ಅನ್ನೂದು ಮ್ಯಾಲ ಬಂದ ಮ್ಯಾಲ ಕೇಳಬೇಕು. ಬತ್ತಿ ಹಿಡಕೊಂಡಾಗ ಅದು ನೆನಪಾತು. ಬಾಯಿ ಮ್ಯಾಲೆ ನಿಂತಾವ್ರು ಹೆಣ್ಮಗಳು ಇರಬಹುದು ಅಂತ ಇಷ್ಟು ದಿನ ಎಣಿಸಿರಲಿಲ್ಲ."

"ಈಗ ಯಾಕ ಅಂತ ಕೇಳ್ರಿ."

"ಕೇಳೂದೇನೈತಿ? ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ." ಅವನು ಹಲಗೆಯ ಕಡೆ ಕೈ ತೋರಿಸಿದ. "ಟೀಚರ್, ಮಕ್ಕಳನ್ನ ತಡೀತೇನಿ. ಹಲಗಿ ಮುಚ್ಚತೇನಿ. ಪರೀಕ್ಷಾದವ್ರು ಒಬ್ಬರ ಒಳಗ ಹೋಗಿ ನೋಡಲಿ. ಹತ್ತು ನಿಮಿಷ. ಅಷ್ಟ ಸಾಕು ನನಗ."

ಕಡಲ ದಂಡೆಯ ಆ ತುದಿಯಲ್ಲಿ, ಬಿಳಿ ಅಂಗಿಯ ಮೂವರು ಹಿರಿಯರು ಮೊಸಳೆಯ ಮುಂದೆ ನಿಂತು ಏನನ್ನೋ ಬರೆದುಕೊಳ್ಳುತ್ತಿದ್ದರು. ಮುಂದಿನದು ಹಡಗು. ಅದರ ಮುಂದಿನದು ಗುಡಿ. ಅವರಲ್ಲಿ ಒಬ್ಬರು ಬಹಳ ವಯಸ್ಸಾದವರು, ಕೋಲು ಊರಿಕೊಂಡು ಬರುತ್ತಿದ್ದರು.

ಮಂಜವ್ವ ಅವನ ಕಣ್ಣನ್ನು ನೇರವಾಗಿ ನೋಡಿದಳು. ಆ ಕಮಲವನ್ನು ಉಳಿಸಲು ತಾನೂ ಏನು ಬೇಕಾದರೂ ಕೊಡುತ್ತಿದ್ದೆ ಎಂದು ಹೇಳಬೇಕೆನಿಸಿತು. ಹೇಳಿದ್ದು ಅದಲ್ಲ.

"ಬ್ಯಾಡ" ಎಂದಳು.

ಅವನು ಗುಡಿಯ ಕಡೆ ತಿರುಗಿದ. ಗೋಪುರದ ಮೇಲೆ ಅಂಗೈ ಇಟ್ಟ, ದನದ ಬೆನ್ನ ಮೇಲೆ ಇಟ್ಟ ಹಾಗೆ. ಆಮೇಲೆ ಸಲಿಕೆ ಎತ್ತಿಕೊಂಡು, "ಮಕ್ಕಳನ್ನ ಹಿಂದಕ್ಕ ಸರಸ್ರಿ" ಎಂದು ಗಟ್ಟಿಯಾಗಿ ಕೂಗಿ, ಛತ್ತಿನ ನಡುವೆ ಒಂದೇ ಏಟು ಹಾಕಿದ.

ಗುಡಿ ಸದ್ದಿಲ್ಲದೆ ಕುಳಿತುಬಿಟ್ಟಿತು. ಧೂಳೂ ಏಳಲಿಲ್ಲ. ಒದ್ದೆ ಮರಳು ತನ್ನೊಳಗೆ ತಾನು ಇಳಿದು ಒಂದು ಗುಡ್ಡೆಯಾಯಿತು. ಅಷ್ಟು ಬೇಗ, ಅಷ್ಟು ಮೆತ್ತಗೆ. ಆದರೂ ಅದು ತಾನಾಗಿ ಬೀಳುತ್ತಿತ್ತು ಎಂಬುದಕ್ಕೆ ಇದು ಸಾಕ್ಷಿಯಲ್ಲ. ಹೊಡೆದರೆ ಯಾವ ಮರಳು ಬೀಳದು?

ಮಕ್ಕಳು ಅಯ್ಯೋ ಎಂದರು. ಬಿಲ್ಲೆಯವನು, "ಹುಚ್ಚೇನ್ರಿ ನಿಮಗ?" ಎಂದು ಓಡಿಬಂದ. ಬಿಳಿ ಅಂಗಿಯವರು ಬಂದು, ಗುಡ್ಡೆ ನೋಡಿ, ಹಲಗೆಯ ಮೇಲಿನ ಹೆಸರು ಓದಿ, ಪುಸ್ತಕದಲ್ಲಿ ಒಂದು ಗೀಟು ಎಳೆದರು. ಕೋಲಿನವರು ಮಾತ್ರ ಹಿಂದೆ ಉಳಿದು, ಹೂವಪ್ಪನ ಹೆಗಲು ಮುಟ್ಟಿ, "ಮುಂದಿನ ವರ್ಷ ಬನ್ನಿ" ಎಂದು ಹೇಳಿಹೋದರು. ಆ ಮಾತಿಗೆ ಅವನ ಕಣ್ಣು ತುಂಬಿಬಂದವು.

ಹುಸೇನಬಿ ಉಡಚವ್ವನನ್ನು ಬುಟ್ಟಿಯ ಮೇಲೆ ಕೂರಿಸಿ ನೀರು ಕುಡಿಸಿದಳು. "ನಾವು ಚಹಾ ಕುಡಿಯಾಕ ಹೋಗ್ತೇವಿ. ನಿಮಗ ತರೂದಿಲ್ಲ" ಎಂದು ಇಬ್ಬರಿಗೂ ಕೇಳುವಂತೆ ಹೇಳಿ, ಉಡಚವ್ವನ ಕೈ ಹಿಡಿದು ನಡೆದಳು.

*

ಅವರಿಬ್ಬರೂ ಗುಡ್ಡೆಯ ಪಕ್ಕದಲ್ಲಿ ಕುಳಿತರು. ಅಮಾವಾಸ್ಯೆಯ ನೀರು ಏರುತ್ತ ಬಂತು. ಒಂದೊಂದು ಅಲೆಯೂ ಹಿಂದಿನದಕ್ಕಿಂತ ಒಂದು ಗೇಣು ಮುಂದೆ ಬಂದು, ಏನನ್ನೋ ಹುಡುಕಿ, ಸಿಗದೆ ಹಿಂದೆ ಹೋಗುತ್ತಿತ್ತು. ಮಂಜವ್ವ ಉಸಿರು ಹಿಡಿದು ನೋಡಿದಳು. ಬಾವುಟಗಳಿಗೆ ಹತ್ತು ಹೆಜ್ಜೆ ಉಳಿದಿರುವಾಗ ನೀರು ನಿಂತಿತು. ಬಿಲ್ಲೆಯವನು ಹೇಳಿದ್ದು ನಿಜವಾಗಿತ್ತು.

"ಸಂಜೀ ತನಕಾ ನಿಲ್ಲತಿತ್ತು," ಎಂದ ಹೂವಪ್ಪ.

"ನಿಲ್ಲತಿತ್ತೇನೋ."

"ಹಂಗಾದ್ರ ಯಾಕ ಕೆಡವಿಸಿದ್ರಿ?"

"ನಾ ಬ್ಯಾಡ ಅಂದೆ ಅಷ್ಟ. ಕೆಡವಿದಾವ್ರು ನೀವು."

ಅವನು ಒಂದು ಹಿಡಿ ಮರಳು ತೆಗೆದು ಹಿಸುಕಿದ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. ಅದನ್ನು ಅವನೂ ನೋಡಿದ, ಅವಳೂ ನೋಡಿದಳು.

"ಎಲ್ಲಾರ ಮುಂದ ನಾಚಿಕಿ ಆತ್ರಿ. ನಿಮ್ಮ ಮ್ಯಾಲೆ ಸಿಟ್ಟು ಬಂದೈತಿ ನನಗ. ಸುಳ್ಳು ಹೇಳೂದಿಲ್ಲ."

"ಸಿಟ್ಟಾಗ್ರಿ."

"ಜೀವಮಾನ ಪೂರ್ತಿ ಹಿಂಗ ಬ್ಯಾಡ ಬ್ಯಾಡ ಅನ್ನಾವ್ರೇನು ನೀವು?"

ಆ ಪ್ರಶ್ನೆಯೊಳಗಿನ ಜೀವಮಾನ ಎಂಬ ಮಾತು ಹೊರಬಿದ್ದ ಮೇಲೆ ಅವನಿಗೇ ಕೇಳಿಸಿತು. ಅವನ ಕಿವಿ ಕೆಂಪಾದವು. ಮಂಜವ್ವನ ತುಟಿಯ ತುದಿಯಲ್ಲಿ ಬಂದ ನಗುವನ್ನು ಅವಳು ತಡೆಯಲಿಲ್ಲ.

"ದಿನಾ ಅನ್ನೂದಿಲ್ರಿ. ಎಂದಾರ ಒಮ್ಮೆ ಅಂತೇನಿ. ಅಂದಾಗ ನೀವು ಸಿಟ್ಟಾಗ್ರಿ, ಜಗಳಾ ಮಾಡ್ರಿ, ಎರಡು ದಿನ ಮಾತು ಬಿಡ್ರಿ. ಆದ್ರ ಮೊದಲು ನಿಲ್ರಿ."

"ಇದು ನಿಮ್ಮ ಉತ್ತರ ಏನು?"

"ಹೌದು. ಇದ ನನ್ನ ಉತ್ತರ. ಬರ್ತೇನಿ ನಿಮ್ಮ ಮನಿಗೆ."

ಅವನು ಅವಳ ಕಡೆ ನೋಡಲಿಲ್ಲ. ನೋಡಿದರೆ ಅಳುತ್ತಿದ್ದನೇನೋ. ಮರಳು ಮೆತ್ತಿದ ಅವನ ಕೈ ನಿಧಾನವಾಗಿ ಬಂದು ಅವಳ ಸೀರೆಯ ಅಂಚಿನ ಹತ್ತಿರ, ಮುಟ್ಟದೆ, ನಿಂತಿತು. ಅವಳೇ ಅದರ ಮೇಲೆ ಕೈಯಿಟ್ಟಳು. ಕೆಳಗಿನ ಮರಳು ತಣ್ಣಗೆ, ಒದ್ದೆಯಾಗಿತ್ತು. ಎದ್ದು ಬೇರೆ ಕಡೆ ಕೂರೋಣ ಎಂದು ಅವಳಿಗೆ ಒಳಗೊಳಗೇ ಅನಿಸುತ್ತಲೇ ಇತ್ತು.

ಮಧ್ಯಾಹ್ನದ ಬಸ್ಸಿಗೆ ಹೊರಟರು. ಹುಸೇನಬಿ ಉಪಾಯ ಮಾಡಿ ಉಡಚವ್ವನನ್ನು ತನ್ನ ಪಕ್ಕಕ್ಕೆ ಕರೆದುಕೊಂಡಳು. ಹೂವಪ್ಪ ಮಂಜವ್ವನ ಪಕ್ಕದಲ್ಲಿ, ನಡುವೆ ಒಂದು ಚೀಲದಷ್ಟು ಜಾಗ ಬಿಟ್ಟು, ಮುಖ ಊದಿಸಿಕೊಂಡು ಕುಳಿತ. ಅಂಕೋಲೆಯವರೆಗೆ ಒಂದು ಮಾತಿಲ್ಲ. ಘಟ್ಟದಲ್ಲಿ ಬಸ್ಸು ಹೊರಳಿದಾಗಲೆಲ್ಲ ಅವಳ ತಲೆ ಸರಳಿಗೆ ತಾಗದಂತೆ ತನ್ನ ಅಂಗೈಯನ್ನು ಅಡ್ಡ ಹಿಡಿಯುತ್ತಿದ್ದ, ಆದರೆ ತಿರುಗಿ ನೋಡುತ್ತಿರಲಿಲ್ಲ. ಸಿಟ್ಟು ಶಿರಸಿ ಬಂದರೂ ಇಳಿಯಲಿಲ್ಲ.

ಮಂಜವ್ವನಿಗೆ ಆ ಸಿಟ್ಟು ಹಿತವಾಗಿತ್ತು. ಕಣ್ಣು ಮುಚ್ಚಿಕೊಂಡು, ಪಕ್ಕದಲ್ಲಿ ಅವನು ಉಸಿರಾಡುವುದನ್ನು ಕೇಳುತ್ತ ಕುಳಿತಳು.